ಗಿರಣಿಯೂ ಕಿವಿದಾರರ ಪಂಚೆಯೂ

“ಇವನ ಬಾಯಿ ಅಂದ್ರೆ ಮುಚ್ಚಳ ಕಳ್ಕೊಂಡ ಹಂಡೆ ಕಣ್ರಪ್ಪ. ಇವನು ಹುಟ್ಟಿದ ದಿನ ಕಿರುಚಿದ್ದಕ್ಕೆ ಸೂಲಗಿತ್ತಿ ಹೆದರಿ, ಹೊಕ್ಕುಳಬಳ್ಳಿ ಕೊಯ್ಯೋದನ್ನೂ ಬಿಟ್ಟು ಓಡಿದಳಂತೆ. ಬಳ್ಳಿ ಇನ್ನೂ ಹಂಗೇ ಇರಬೇಕು. ಮನುಷ್ಯ ಆಗೋದು ಬಾಕಿ ಇದೆ.”

ಊರಚಾವಡಿಯಲ್ಲಿ ಇನ್ನೂರು ಜನರ ಮುಂದೆ ಕಿವಿದಾರ ತಿರುಮಲಯ್ಯನವರು ನನ್ನ ಬಗ್ಗೆ ಆಡಿದ ಮಾತಿದು. ಆಡಿದ್ದು ನನಗೆ ಕೇಳಿಸಲಿಲ್ಲ. ಕಂಡಿದ್ದಿಷ್ಟೇ: ಅವರ ತುಟಿ ಅಲ್ಲಾಡಿತು, ಆಮೇಲೆ ಇನ್ನೂರು ಜನರ ಹೆಗಲು ಕುಲುಕಿದವು. ನಮ್ಮೂರಿನವರು ನಗುವುದು ಹೆಗಲಿನಲ್ಲಿ. ಬಾಯಿಬಿಟ್ಟು ನಗುವವರು ಎಳೆಕೂಸುಗಳು, ಕುಡುಕರು, ಮತ್ತೆ ನಾನು.

“ಏನಂದಾ?” ಅಂತ ಪಕ್ಕದಲ್ಲಿದ್ದ ಅಕ್ಕನನ್ನು ಕೇಳಿದೆ. ಗುಟ್ಟಾಗಿ ಕೇಳಿದೆ ಅಂತಲೇ ಅಂದುಕೊಂಡಿದ್ದೆ. ಚಾವಡಿಯ ಜಂತೆ ಮೇಲಿದ್ದ ಪಾರಿವಾಳಗಳೆಲ್ಲ ಒಂದೇ ಸಲಕ್ಕೆ ಎದ್ದುಹೋದವು. ಹೆಗಲುಗಳು ಇನ್ನಷ್ಟು ಕುಲುಕಿದವು. ನಾನು ಬಿಡಲಿಲ್ಲ. “ಏನಂದ ಹೇಳಕ್ಕ!” ಅಕ್ಕ ಸಾಕಮ್ಮ ಪಾಪ, ನನ್ನ ಕಿವಿಗೆ ಬಾಯಿಟ್ಟು, ನನಗೆ ಕೇಳಿಸುವಷ್ಟು ಗಟ್ಟಿಯಾಗಿ, ಹಂಡೆ, ಸೂಲಗಿತ್ತಿ, ಹೊಕ್ಕುಳಬಳ್ಳಿ ಎಲ್ಲವನ್ನೂ ಒಂದೂ ಬಿಡದೆ ಒಪ್ಪಿಸಿದಳು. ಹಾಗಾಗಿ ಒಂದೇ ಬೈಗುಳವನ್ನು ಒಂದೇ ಸಭೆಯಲ್ಲಿ ಎರಡು ಸಲ ಬೈಸಿಕೊಂಡ ಮನುಷ್ಯ ಈ ಊರಲ್ಲಿ ನಾನೊಬ್ಬನೇ. ಎರಡನೇ ಸಲ ಚಪ್ಪಲಿ ಬಿಡುವ ಜಾಗದಲ್ಲಿದ್ದವರಿಗೂ ಚೆನ್ನಾಗಿ ಕೇಳಿಸಿತು.

ನನ್ನ ಹೆಸರು ಗಿರಿಯಪ್ಪ. ಊರು ಕರೆಯುವುದು ಗಿರಣಿ ಗಿರಿಯ ಅಂತ. ಹಿಟ್ಟಿನ ಗಿರಣಿ ನಮ್ಮಪ್ಪನದು, ಅಪ್ಪ ಹೋದಮೇಲೆ ನನ್ನದು ಮತ್ತು ಅಕ್ಕನದು. ತೊಟ್ಟಿಲಲ್ಲಿದ್ದಾಗಿನಿಂದ ಆ ಕಲ್ಲಿನ ಪಕ್ಕದಲ್ಲೇ ಮಲಗಿ ಬೆಳೆದದ್ದಕ್ಕೋ ಏನೋ, ನನ್ನ ಕಿವಿ ಅರ್ಧ ಸತ್ತಿತ್ತು. ಬೇರೆ ಊರಾಗಿದ್ದರೆ ಅರ್ಧ ಕಿವಿಯಲ್ಲಿ ಬದುಕಬಹುದಿತ್ತೇನೋ. ನಮ್ಮೂರಲ್ಲಿ ಮನುಷ್ಯ ಎಷ್ಟು ದೊಡ್ಡವನೋ ಅವನ ದನಿ ಅಷ್ಟು ಸಣ್ಣದು. ಮೇಷ್ಟ್ರು ಪಾಠ ಮಾಡಿದರೆ ಮೂರನೇ ಬೆಂಚಿಗೆ ಬರುತ್ತಿರಲಿಲ್ಲ. ಅವರು ಹೆಡ್‌ಮೇಷ್ಟ್ರಾದ ದಿನದಿಂದ ಮೊದಲನೇ ಬೆಂಚಿಗೂ ಬರಲಿಲ್ಲ. ನಾನು ಕೂರುತ್ತಿದ್ದದ್ದು ಏಳನೇ ಬೆಂಚು. ಐದನೇ ಕ್ಲಾಸಿನಲ್ಲಿ “ಸಾರ್, ಜೋರಾಗಿ ಹೇಳಿ” ಅಂದೆ. ದೊಡ್ಡವರಿಗೆ ದನಿ ಏರಿಸು ಅನ್ನುವುದು ನಮ್ಮಲ್ಲಿ ಕೆನ್ನೆಗೆ ಹೊಡೆದ ಹಾಗೆ. ಅವತ್ತೇ ನನ್ನ ಓದು ಮುಗಿಯಿತು.

ಊರಿನವರು ಇದಕ್ಕೆ ಹೊಂದಿಕೊಂಡುಬಿಟ್ಟಿದ್ದರು. ಎಲ್ಲರೂ ಯಾರದೋ ಬಾಯಿಯ ಕಡೆಗೆ ಬಾಗಿ ಬಾಗಿ ಎಲ್ಲರ ಕತ್ತೂ ಒಂದು ಪಕ್ಕಕ್ಕೆ ವಾಲಿತ್ತು, ದರ್ಜಿ ಮಾನಪ್ಪ ಅಂಗಿಯ ಬಲಗಡೆ ಕಾಲರನ್ನು ಅರ್ಧ ಇಂಚು ಕಮ್ಮಿಯೇ ಹೊಲಿಯುತ್ತಿದ್ದ. ಕುಕ್ಕರ್ ಕೂಗುವುದಕ್ಕೆ ಮುಂಚೆ ಹೆಂಗಸರು ಓಡಿಬಂದು ಎತ್ತಿಡುತ್ತಿದ್ದರು. ದನದ ಕೊರಳಗಂಟೆಯೊಳಗೆ ಬಟ್ಟೆ ತುರುಕಿರುತ್ತಿತ್ತು. ದೊಡ್ಡ ಮನೆಯವರು ಅಂಗಡಿಗೆ ಹೋಗಿ ತುಟಿ ಅಲ್ಲಾಡಿಸುತ್ತಿದ್ದರು, ಅಂಗಡಿಯವನು ಮುಖ ನೋಡಿ ಏನೋ ಒಂದು ಕಟ್ಟಿಕೊಡುತ್ತಿದ್ದ, ಅದಲ್ಲ ಅನ್ನಬೇಕಾದರೆ ದನಿ ಏರಿಸಬೇಕಲ್ಲ, ಸುಮ್ಮನೆ ತೆಗೆದುಕೊಂಡು ಹೋಗುತ್ತಿದ್ದರು. ಊರಿನ ದೊಡ್ಡ ದೊಡ್ಡ ಮನೆಗಳಲ್ಲೆಲ್ಲ ಬೇಡದ ಜರಡಿಗಳು, ಬೇಡದ ಕೊಡೆಗಳು ತುಂಬಿಹೋಗಿವೆ. ಇಬ್ಬರು ದೊಡ್ಡವರು ಜಗಳಕ್ಕೆ ನಿಂತರಂತೂ ನೋಡಬೇಕು. ಒಬ್ಬ ತಗ್ಗಿಸಿದರೆ ಇನ್ನೊಬ್ಬ ಅವನಿಗಿಂತ ತಗ್ಗಿಸುತ್ತಾನೆ. ಕೊನೆಗೆ ಇಬ್ಬರೂ ಮೀನಿನ ಹಾಗೆ ಬಾಯಿ ಆಡಿಸುತ್ತ ಅರ್ಧ ಗಂಟೆ ನಿಂತಿರುತ್ತಾರೆ.

ಎಲ್ಲರಿಗಿಂತ ದೊಡ್ಡವರು ಊರಯ್ಯನವರು. ತೊಂಬತ್ತರ ಹತ್ತಿರದ ಮುದುಕರು. ಹದಿನೈದು ದಿನಕ್ಕೊಮ್ಮೆ ಚಾವಡಿಯಲ್ಲಿ ಕೂಟ ಸೇರುತ್ತದೆ, ಊರಯ್ಯನವರು ಕಟ್ಟೆಯ ಮೇಲಿನ ಕುರ್ಚಿಯಲ್ಲಿ ಕೂತು ತೀರ್ಪು ಕೊಡುತ್ತಾರೆ. ಅವರ ಮಾತನ್ನು ಕಿವಿದಾರರಲ್ಲದೆ ಬೇರೆ ಯಾರೂ ನೇರವಾಗಿ ಕೇಳಬಾರದು. ಅವರ ತುಟಿ ಅಲ್ಲಾಡುವಾಗ ಇನ್ನೂರು ಜನರೂ ಎರಡು ಕೈಯಲ್ಲಿ ಕಿವಿ ಮುಚ್ಚಿಕೊಂಡು ನೆಲ ನೋಡುತ್ತಾರೆ. ಕಿವಿದಾರರು ಬಾಗಿ, ಬಲಗಿವಿಯನ್ನು ಆ ತುಟಿಗೆ ಹಚ್ಚಿ, ಕೇಳಿಸಿಕೊಂಡು, ಎದ್ದು ನಿಂತು, ಊರಿಗೆ ತಿಳಿಯುವಷ್ಟು ದನಿಯಲ್ಲಿ ಹೇಳುತ್ತಾರೆ. ತಿರುಮಲಯ್ಯನವರ ಅಪ್ಪ ಕಿವಿದಾರ, ತಾತ ಕಿವಿದಾರ. ಅವರ ಮನೆಯವರ ಕಿವಿಗೆ ಸೋಬಾನೆ ಹೆಂಗಸರು ಹಾಡು ಕಟ್ಟಿ ಹಾಡುತ್ತಾರೆ.

ಅವತ್ತು ನಾನೂ ಅಕ್ಕನೂ ಚಾವಡಿಗೆ ಹೋಗಿದ್ದು ಗಿರಣಿಯ ವಿಷಯಕ್ಕೆ. ಗಿರಣಿಯ ಸದ್ದು ಊರಿನ ಮರ್ಯಾದೆಗೆ ಹೊಂದುವುದಿಲ್ಲ ಅಂತ ಯಾರೋ ದೂರು ಕೊಟ್ಟಿದ್ದರು. ನಾನು ಎದ್ದು ನಿಂತು, ಊರೆಲ್ಲ ತಿನ್ನುವ ಮುದ್ದೆ ಎಲ್ಲಿಂದ ಬರುತ್ತದೆ ಅಂತ ನನ್ನ ದನಿಯಲ್ಲೇ ಕೇಳಿದೆ. ಅದಕ್ಕೆ ಆ ಹಂಡೆಯ ಮಾತು ಬಂತು. ಆಮೇಲೆ ತೀರ್ಪು ಬಂತು: “ಎರಡು ಕೂಟದೊಳಗೆ ಗಿರಣಿ ಗುಡ್ಡದ ಹಿಂದಕ್ಕೆ ಹೋಗಬೇಕು. ಊರಯ್ಯನವರ ಮಾತು.” ಗುಡ್ಡದ ಹಿಂದೆ ಕರೆಂಟು ಇಲ್ಲ, ದಾರಿ ಇಲ್ಲ, ಮನುಷ್ಯರಿಲ್ಲ. ಗಿರಣಿ ಮುಚ್ಚು ಅನ್ನುವುದನ್ನೇ ಮೆಲ್ಲಗೆ ಹೇಳಿದ್ದು ಅಷ್ಟೇ. ಅಪ್ಪ ಆ ಕಲ್ಲಿನ ಪಕ್ಕದಲ್ಲೇ ಪ್ರಾಣ ಬಿಟ್ಟಿದ್ದ. ಬೇರೆ ಕೆಲಸ ನನಗೂ ಬರುವುದಿಲ್ಲ, ಅಕ್ಕನಿಗೂ ಬರುವುದಿಲ್ಲ.

ಅದೇ ವಾರ ಜುಬೇದಾ ಡಾಕ್ಟರಮ್ಮ ಊರಿಗೆ ಬಂದರು. ಕಿವಿ ಪರೀಕ್ಷೆಯ ಕ್ಯಾಂಪು. ಹೊರಗಿನವರು, ನಮ್ಮೂರಿನ ರೀತಿ ಗೊತ್ತಿಲ್ಲ, ಎಲ್ಲರ ಜೊತೆ ಗಟ್ಟಿಯಾಗಿ ಮಾತಾಡಿದರು. ಅದಕ್ಕೆ ಊರಿನವರು ಅವರನ್ನು ಡಾಕ್ಟರಮ್ಮನ ಕೆಲಸದವಳು ಅಂದುಕೊಂಡು, ನಿಜವಾದ ಡಾಕ್ಟರು ಯಾವಾಗ ಬರುತ್ತಾರೆ ಅಂತ ಸಂಜೆವರೆಗೂ ಕಾದರು. ಕ್ಯಾಂಪಿಗೆ ಹೋದವರು ನಾನೊಬ್ಬ, ಕಂಚುಗಾರರ ಮನೆಯ ಮುದುಕ ಒಬ್ಬ. ದೊಡ್ಡವರು ಯಾಕೆ ಹೋಗುತ್ತಾರೆ? ಕಿವಿ ಕೇಳಿಸಲ್ಲ ಅನ್ನುವುದು ಸಣ್ಣ ಜನರ ಕಾಯಿಲೆ.

“ಪರೀಕ್ಷೆಗೆ ಸದ್ದಿಲ್ಲದ ಕೋಣೆ ಹುಡುಕಿ ಹುಡುಕಿ ಸಾಕಾಗಿತ್ತು ನಂಗೆ,” ಅಂದರು ಡಾಕ್ಟರಮ್ಮ, ನನ್ನ ಕಿವಿಯೊಳಗೆ ಟಾರ್ಚು ಬಿಡುತ್ತ. “ನಿಮ್ಮೂರಲ್ಲಿ ಬಸ್‌ಸ್ಟ್ಯಾಂಡಲ್ಲೇ ಮಾಡಬಹುದು.” ಎರಡೂ ಕಿವಿಯ ಹಿಂದೆ ಹುಣಸೆಬೀಜದಷ್ಟು ಒಂದೊಂದು ಮಿಷನ್ನು ಕೂರಿಸಿದರು. “ನೋಡಪ್ಪ, ಇದು ಎಲ್ಲಾನೂ ಜೋರು ಮಾಡುತ್ತೆ ಅಂದ್ಕೋಬೇಡ. ಜೋರಾಗಿರೋದನ್ನ ಇದು ಅಷ್ಟಾಗಿ ಮುಟ್ಟೋಕೆ ಹೋಗಲ್ಲ. ಮೆಲ್ಲಗಿರೋ ಮಾತನ್ನ ಎತ್ತಿಕೊಡುತ್ತೆ. ಸುತ್ತ ನಿಶ್ಶಬ್ದ ಇದ್ದಷ್ಟೂ ಹೆಚ್ಚು ಎತ್ತುತ್ತೆ. ಗಿರಣಿ ಒಳಗೆ ಹೋದ್ರೆ ತಾನೇ ತಗ್ಗುತ್ತೆ. ಮತ್ತೆ ಕಿವಿ ಮೇಲೆ ಅಂಗೈ ಮುಚ್ಚಬೇಡ, ಕುಯ್ ಅಂತ ಸೀಟಿ ಹೊಡೆಯುತ್ತೆ.”

ನಾನು “ಆಯ್ತು ಡಾಕ್ಟರಮ್ಮ” ಅಂದೆ. ಅನ್ನುತ್ತಲೇ, ಹಿಂದೆ ಯಾವನೋ ಕಿರುಚಿದ ಅಂತ ಬೆಚ್ಚಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆ ದನಿ ನನ್ನದೇ. ಇಪ್ಪತ್ತೆರಡು ವರ್ಷ ಊರು ಇದನ್ನು ಹೇಗೆ ಸಹಿಸಿಕೊಂಡಿತೋ ಅಂತ ಒಂದು ಗಳಿಗೆ ಊರಿನ ಮೇಲೆ ಕನಿಕರ ಬಂತು. ಒಂದು ಗಳಿಗೆ ಮಾತ್ರ.

ಮನೆಗೆ ಬಂದೆ. ಜರಡಿಯಿಂದ ಹಿಟ್ಟು ಉದುರುವುದಕ್ಕೂ ಸದ್ದಿದೆ ಅಂತ ಗೊತ್ತಾಯಿತು. ಗೋಡೆಯ ಮೇಲೆ ಹಲ್ಲಿ ನಡೆಯುವುದಕ್ಕೂ ಇದೆ. ಎಲ್ಲಕ್ಕಿಂತ ದೊಡ್ಡ ವಿಷಯ ಗೊತ್ತಾದದ್ದು ನಮ್ಮಕ್ಕನ ಬಗ್ಗೆ. ಬಾಯಿಯಿಲ್ಲದ ಹೆಂಗಸು ಅಂತ ಊರೆಲ್ಲ ಹೊಗಳುವ ಸಾಕಮ್ಮ, ಒಲೆ ಮುಂದೆ ಕೂತು ಬಾಯೊಳಗೇ ಒಂದೇ ಸಮನೆ ಬೈಯುತ್ತಿದ್ದಳು. ಹಸಿ ಸೌದೆ, ಉರಿಯದ ಒಲೆ, ದೂರು ಕೊಟ್ಟವನ ವಂಶ, ಕಿವಿದಾರರ ಮೂಗು, ನನ್ನ ಹೊಟ್ಟೆ, ಯಾವುದನ್ನೂ ಬಿಟ್ಟಿರಲಿಲ್ಲ. “ಇದಕ್ಕೆ ಎಷ್ಟು ಹಾಕಿದ್ರೂ ಸಾಲಲ್ಲ, ಹೊಟ್ಟೆಯೋ ಗೋಣಿಚೀಲವೋ” ಅಂತ ತಟ್ಟೆಗೆ ಮುದ್ದೆ ಹಾಕಿದಳು.

“ಗೋಣಿಚೀಲ ಅಲ್ಲಕ್ಕ, ಹೊಟ್ಟೆ” ಅಂದೆ.

ಅವಳ ಕೈಯಲ್ಲಿದ್ದ ಸೌಟು ಜಾರಿ ಬಿತ್ತು. “ಅಯ್ಯೋ ನಿನ್ನ! ಎಷ್ಟೊತ್ತಿನಿಂದ ಕೇಳಿಸ್ಕೋತಿದ್ದೀಯಲಾ?”

“ಹಸಿ ಸೌದೆಯಿಂದ.”

ಸೆರಗಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಹೆಗಲಲ್ಲಿ ಅಲ್ಲ, ಬಾಯಿಂದ. ಅಕ್ಕ ನಗುವ ಸದ್ದು ಹೇಗಿರುತ್ತದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಮುಂದಿನ ಕೂಟಕ್ಕೆ ಮಿಷನ್ನು ಹಾಕಿಕೊಂಡು ಹೋದೆ. ನಮ್ಮಂಥವರ ಜಾಗ ಹಿಂದೆ, ಚಪ್ಪಲಿಗಳ ಹತ್ತಿರ. ಕೂಟದ ದಿನ ಗಿರಣಿ ನಿಲ್ಲಿಸಿರಬೇಕು, ಹಾಗಾಗಿ ಊರು ಬಾವಿಯ ತಳದ ಹಾಗಿತ್ತು. ಊರಯ್ಯನವರ ತುಟಿ ಅಲ್ಲಾಡಿತು. ಎಲ್ಲರೂ ಕಿವಿ ಮುಚ್ಚಿಕೊಂಡರು. ನಾನೂ ಮುಚ್ಚಿಕೊಳ್ಳಲು ಕೈ ಎತ್ತಿದೆ, ಮಿಷನ್ನು ಕುಯ್ ಅಂತು. ಕುಕ್ಕರ್ ಕೂಗಿತೆಂದು ನಾಲ್ಕು ಹೆಂಗಸರು ಎದ್ದೇಬಿಟ್ಟರು. ನಾನು ಗಾಬರಿಯಿಂದ ಅಂಗೈಯನ್ನು ಎರಡು ಬೆರಳು ದೂರ ಇಟ್ಟುಕೊಂಡೆ, ನೋಡುವವರಿಗೆ ಮುಚ್ಚಿಕೊಂಡ ಹಾಗೆ. ಆಗ ಕೇಳಿಸಿತು. ದೂರದ ಕಟ್ಟೆಯಿಂದ, ಒಣಗಿದ ಎಲೆಯಂಥ ದನಿ. ನನ್ನ ಕಿವಿಯ ಪಕ್ಕದಲ್ಲೇ ಕೂತು ಆಡಿದ ಹಾಗೆ.

“ಸ್ವಲ್ಪ ಜೋರಾಗಿ ಹೇಳ್ರಪ್ಪ. ಏನೂ ಕೇಳಿಸ್ತಿಲ್ಲ ನಂಗೆ.”

ಕಿವಿದಾರರು ತಲೆ ಆಡಿಸಿದರು. ಎದ್ದು ನಿಂತು, “ಅಗಸರು ಬಟ್ಟೆಯನ್ನು ಇನ್ನುಮುಂದೆ ಕಲ್ಲಿಗೆ ಬಡಿಯದೆ, ಹಿಂಡಿ ಮಾತ್ರ ಒಗೆಯಬೇಕು. ಊರಯ್ಯನವರ ಮಾತು” ಅಂದರು. ಊರೆಲ್ಲ ತಲೆಬಾಗಿತು.

ಇನ್ನೊಂದು ವ್ಯಾಜ್ಯ ಬಂತು. ಮತ್ತೆ ಎರಡು ಬೆರಳು ಬಿಟ್ಟು ಕೇಳಿದೆ. “ಯಾರದು ಮಾತಾಡ್ತಿರೋದು? ಇವತ್ತು ಗಿರಣಿ ಯಾಕೆ ಆಡ್ತಿಲ್ಲ? ಅದೊಂದೇ ನಂಗೆ ಗೊತ್ತಾಗೋದು. ಕುರ್ಚಿ ಕಾಲಿಂದ ಮೈಯೊಳಗೆ ಬರ್ತದೆ.” ಕಿವಿದಾರರು ಗಂಭೀರವಾಗಿ ತಲೆದೂಗಿದರು. “ಗಿರಣಿಯ ಸದ್ದಿನಿಂದ ಊರಯ್ಯನವರಿಗೆ ನಿದ್ದೆ ಕೆಟ್ಟಿದೆ. ಮುಂದಿನ ಕೂಟಕ್ಕೆ ಅದಕ್ಕೆ ಬೀಗ ಬೀಳಬೇಕು.”

ಮೋಸಗಾರ! ನಾನು ಎದ್ದು ಚೀರಬೇಕು ಅಂತ ಬಾಯಿ ತೆರೆದೆ. ಅಕ್ಕ ನನ್ನ ತೊಡೆಯನ್ನು ಚಿವುಟಿ ಹಿಡಿದಳು. ಹೊರಗೆ ಬಂದಮೇಲೆ ಎಲ್ಲ ಹೇಳಿದೆ.

“ನಿಂಗೆ ಕೇಳಿಸಿದ್ದು ನಿಜಾನೇ ಇರ್ಲಿ ಕಣ್ಲಾ,” ಅಂದಳು. “ನೀನು ಹೇಳಿದ್ರೆ ನಂಬೋರು ಯಾರು? ಗಂಟಲು ಹರಕೊಂಡು ಹೇಳಿದ್ದೆಲ್ಲ ಸುಳ್ಳು ಅಂತಲೇ ಈ ಊರಿನ ತೀರ್ಮಾನ. ಮೊದ್ಲು ಮೆಲ್ಲಗೆ ಮಾತಾಡೋದು ಕಲಿ.”

ಕಲಿಸಿದ್ದೂ ಅವಳೇ. ಗಿರಣಿ ನಿಲ್ಲಿಸಿ, ಬಾಗಿಲು ಎಳೆದುಕೊಂಡು, ನನ್ನ ಅಂಗೈ ಮೇಲೆ ಒಂದು ಚಿಟಿಕೆ ರಾಗಿಹಿಟ್ಟು ಇಡುತ್ತಿದ್ದಳು. ಅಂಗೈಯನ್ನು ತುಟಿಯ ಮುಂದೆ ಹಿಡಿದು ಮಾತಾಡಬೇಕು, ಹಿಟ್ಟು ಅಲುಗಬಾರದು. ಮೊದಲ ದಿನ ನನ್ನ ಒಂದು “ಅಕ್ಕಾ”ಗೆ ಹಿಟ್ಟು ಹಾರಿ ಅವಳ ಹುಬ್ಬೆಲ್ಲ ನರೆತುಹೋಯಿತು. ನಾಲ್ಕನೇ ದಿನ ಅರ್ಧ ಹಿಟ್ಟು ಉಳಿಯಿತು. ಮಿಷನ್ನು ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಹಿಂದೆ ದನಿ ತಗ್ಗಿಸಿದರೆ ನಾನೇ ಇಲ್ಲವಾಗಿ ಹೋದೆನೇನೋ ಅನ್ನಿಸಿ ಭಯಕ್ಕೆ ಏರಿಸಿಬಿಡುತ್ತಿದ್ದೆ. ಈಗ ಎಷ್ಟು ತಗ್ಗಿಸಿದರೂ ನನಗೆ ನಾನು ಕೇಳಿಸುತ್ತಿದ್ದೆ. ಎಂಟನೇ ದಿನ, ಕಿವಿದಾರರ ವಂಶವನ್ನು ಮೂರು ತಲೆಮಾರಿನವರೆಗೆ ಬೈದೆ. ಒಂದು ಕಣ ಹಿಟ್ಟು ಅಲುಗಲಿಲ್ಲ. ಅಕ್ಕನ ಕಣ್ಣಲ್ಲಿ ನೀರು ಬಂತು.

ಬೀದಿಗೆ ಬಂದು ಆ ದನಿಯನ್ನು ಬಳಸಿ ನೋಡಿದೆ. ದರ್ಜಿ ಮಾನಪ್ಪನ ಹತ್ತಿರ, “ಒಂದು ಅಂಗಿ ಹೊಲಿದುಕೊಡು” ಅಂತ ತುಟಿಯಲ್ಲೇ ಅಂದೆ. ಅವನು ಸೂಜಿ ಬಿಟ್ಟು, ಕತ್ತು ವಾಲಿಸಿ, ನನ್ನ ಕಡೆ ಬಾಗಿದ. ಇದುವರೆಗೂ ಯಾವ ಗಂಡಸೂ ನನ್ನ ಕಡೆ ಬಾಗಿದ್ದಿಲ್ಲ. “ಏನಪ್ಪಣೆ?” ಅಂದ! ನಾನು ಇನ್ನೂ ತಗ್ಗಿಸಿದೆ. ಅವನು ಇನ್ನೂ ಬಾಗಿದ. ಹೀಗೇ ತಗ್ಗಿಸಿ ತಗ್ಗಿಸಿ ಅವನನ್ನು ಕುರ್ಚಿಯಿಂದ ಬೀಳಿಸಿಯೇ ಬಿಟ್ಟೆ. ಎದ್ದು ಧೂಳು ಕೊಡವಿಕೊಂಡು ಕೈ ಮುಗಿದ. ಎರಡು ದಿನದಲ್ಲಿ ಗಿರಣಿ ಗಿರಿಯ ದೊಡ್ಡ ಮನುಷ್ಯನಾಗುತ್ತಿದ್ದಾನೆ ಅಂತ ಸುದ್ದಿ ಹಬ್ಬಿತು. ನಾನು ಏನು ಹೇಳಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಲೂ ಇಲ್ಲ.

ಆದರೆ ಕಿವಿದಾರರನ್ನು ಹಿಡಿಯುವುದು ಹೇಗೆ? ಬೇಕೆಂದೇ ಸುಳ್ಳು ಹೇಳುವ ಕಳ್ಳ ಅಂತಲೇ ನನ್ನ ಎಣಿಕೆ. ಒಂದು ಮಧ್ಯಾಹ್ನ ಅವರು ತೇರಿಲ್ಲದ ರಥಬೀದಿಯಲ್ಲಿ ಒಬ್ಬರೇ ಹೋಗುತ್ತಿದ್ದರು. ನಾನೂ ಅಕ್ಕನೂ ಹಿಂದೆ ಇದ್ದೆವು. ಸಿಟ್ಟು ತಡೆಯಲಾಗದೆ, ಹಿಟ್ಟು ಅಲುಗದ ದನಿಯಲ್ಲಿ, “ಬುರುಡೆ ಕಿವಿದಾರ” ಅಂದೆ. ಅಕ್ಕ ಬೆಚ್ಚಿದಳು. ಅವರು ತಿರುಗಲಿಲ್ಲ. ಸ್ವಲ್ಪ ಏರಿಸಿದೆ. “ಮೂಗಿನ ಮೇಲೆ ಮೂಗುಳ್ಳವನೇ.” ಇಲ್ಲ. ಜಗಲಿಯ ಮೇಲೆ ಮಲಗಿದ್ದ ಬೆಕ್ಕು ತಲೆಯೆತ್ತಿ ನನ್ನನ್ನು ನೋಡಿತು, ಅವರು ನೋಡಲಿಲ್ಲ. ಇನ್ನೂ ಏರಿಸಿದೆ. “ನಿಮ್ಮ ಪಟ್ಟೆ ಶಾಲಿಗೆ ಬೆಂಕಿ ಬಿದ್ದಿದೆ ಸ್ವಾಮಿ.” ಪಕ್ಕದ ಮನೆಯ ಮುದುಕಿ ಒಂದು ಚೊಂಬು ನೀರು ಹಿಡಿದುಕೊಂಡು ಹೊರಗೆ ಓಡಿಬಂದಳು. ಕಿವಿದಾರರು ಶಾಂತವಾಗಿ ನಡೆದು ತಿರುವಿನಲ್ಲಿ ಮರೆಯಾದರು.

ನಾನು ಅಲ್ಲೇ ನಿಂತುಬಿಟ್ಟೆ. ಈಗ ಒಂದೊಂದೇ ನೆನಪಾಯಿತು. ಎದುರಿನವರು ಮಾತು ಮುಗಿಸುವ ಮೊದಲೇ ತಲೆ ಆಡಿಸುವುದು. ಎಲ್ಲರೂ ನಕ್ಕಮೇಲೆ ಒಂದು ಗಳಿಗೆ ತಡವಾಗಿ ನಗುವುದು. ಯಾವಾಗಲೂ ಬಾಯಿಯನ್ನೇ ನೋಡುವುದು. ಕೇಳಬೇಕಾಗಿ ಬರುತ್ತದೆಂದು ತಾನೇ ಮಾತಾಡುತ್ತಿರುವುದು. ಇವೆಲ್ಲ ನಾನು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕಸುಬು.

“ಅಕ್ಕ,” ಅಂದೆ, “ಊರಿನ ಕಿವಿ ಕಿವುಡು.”

ಅಕ್ಕ ಬಾಯೊಳಗೇ ಒಂದು ಮಾತು ಅಂದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ಕೊನೆಯ ಕೂಟದ ದಿನ ಬಂತು. ಈ ಸಲ ಜನ ನನ್ನನ್ನು ಚಪ್ಪಲಿಯ ಹತ್ತಿರ ಕೂರಲು ಬಿಡಲಿಲ್ಲ. “ಮುಂದೆ ಬನ್ನಿ, ಮುಂದೆ ಬನ್ನಿ” ಅಂತ ತುಟಿಯಲ್ಲೇ ಕರೆದು ಕಟ್ಟೆಯ ಪಕ್ಕದಲ್ಲೇ ಕೂರಿಸಿದರು. ಬೀಗ ಕಿವಿದಾರರ ಕೈಯಲ್ಲೇ ಇತ್ತು, ಹೊಸ ಬೀಗ. ಕೀಲಿಕೈಗಳನ್ನು ಸದ್ದಾಗದಂತೆ ದಾರದಲ್ಲಿ ಸುತ್ತಿದ್ದರು. ಅಕ್ಕ ಆ ಬೀಗವನ್ನು ನೋಡುತ್ತ ಕೂತಿದ್ದಳು. ಅವಳ ತುಟಿ ಅಲುಗುತ್ತಲೇ ಇರಲಿಲ್ಲ. ಬೈಯುವುದನ್ನೂ ಬಿಟ್ಟಿದ್ದಳು. ಅದು ನನಗೆ ಎಲ್ಲಕ್ಕಿಂತ ಕೆಟ್ಟದ್ದನ್ನಿಸಿತು.

ಊರಯ್ಯನವರ ತುಟಿ ಅಲ್ಲಾಡಿತು. ಇನ್ನೂರು ಜನ ಕಿವಿ ಮುಚ್ಚಿಕೊಂಡರು. ಎರಡು ಬೆರಳು ಬಿಟ್ಟು ನಾನು ಕೇಳಿದೆ: “ಯಾರಾದ್ರೂ ಜೋರಾಗಿ ಒಂದು ಮಾತಾಡ್ರಪ್ಪ. ಎಷ್ಟು ವರ್ಷ ಆಯ್ತು.”

ಕಿವಿದಾರರು ಎದ್ದರು. “ಗಿರಣಿಗೆ ಇವತ್ತೇ ಬೀಗ. ಊರಯ್ಯನವರ ಮಾತು.”

ನಾನು ಎದ್ದು ಅವರ ಬೆನ್ನ ಹಿಂದೆ ಹೋಗಿ ನಿಂತೆ. ಅಂಗೈ ಮೇಲೆ ಹಿಟ್ಟು ಇದೆ ಅಂದುಕೊಂಡೆ. ಇಡೀ ಚಾವಡಿ ನನ್ನ ಕಡೆಗೆ ಕತ್ತು ವಾಲಿಸಿತು.

“ಕಿವಿದಾರರೇ,” ಅಂದೆ, “ನಿಮ್ಮ ಪಂಚೆ ಬಿಚ್ಚಿಹೋಗಿದೆ.”

ಚಾವಡಿಯಲ್ಲಿದ್ದ ಗಂಡಸರೆಲ್ಲ ತಟ್ಟನೆ ತಂತಮ್ಮ ಪಂಚೆ ಹಿಡಿದುಕೊಂಡರು. ಹೆಡ್‌ಮೇಷ್ಟ್ರು ಹಿಡಿದುಕೊಂಡರು, ಮಾನಪ್ಪ ಹಿಡಿದುಕೊಂಡ, ಪ್ಯಾಂಟು ಹಾಕಿದ್ದ ಪೋಸ್ಟ್‌ಮ್ಯಾನ್ ಕೂಡ ಸೊಂಟ ಮುಟ್ಟಿ ನೋಡಿಕೊಂಡ. ಹಿಡಿದುಕೊಳ್ಳದೆ ನಿಂತವರು ಒಬ್ಬರೇ. ಕಿವಿದಾರ ತಿರುಮಲಯ್ಯನವರು ಎರಡೂ ಕೈ ಮುಂದೆ ಚಾಚಿ, ಬೀಗವನ್ನು ಊರಿಗೆ ತೋರಿಸುತ್ತ, ಮುಗುಳ್ನಗುತ್ತ ನಿಂತಿದ್ದರು.

ಒಂದು ಗಳಿಗೆ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಹೊಳೆಯುತ್ತ ಹೋಯಿತು. ಪಂಚೆ ಗಟ್ಟಿಯಾಗಿಯೇ ಇತ್ತು, ಆದರೆ ಆ ಮಾತು ಕೇಳಿಸಿಯೂ ಕೈ ಹೋಗದ ಗಂಡಸು ಪ್ರಪಂಚದಲ್ಲಿ ಇಲ್ಲ. ಹೆಗಲುಗಳು ಕುಲುಕತೊಡಗಿದವು. ತಿರುಮಲಯ್ಯನವರು ಇನ್ನೂರು ಜನ ಪಂಚೆ ಹಿಡಿದುಕೊಂಡು ಹೆಗಲು ಕುಲುಕಿಸುವುದನ್ನು ನೋಡಿದರು. ಮುಗುಳ್ನಗೆ ಮುಖದ ಮೇಲೆ ಉಳಿಯಿತು, ಕಣ್ಣು ಮಾತ್ರ ಈ ಬಾಯಿಯಿಂದ ಆ ಬಾಯಿಗೆ ಓಡಾಡಿತು. ತಿರುಗಿ ನನ್ನನ್ನು ಕಂಡರು.

“ಏನಂದೆ?” ಅಂದರು. ಗುಟ್ಟಾಗಿ ಕೇಳಿದೆ ಅಂದುಕೊಂಡಿರಬೇಕು. ಜಂತೆಯ ಪಾರಿವಾಳಗಳೆಲ್ಲ ಎದ್ದುಹೋದವು.

ನಾನು ಅವರನ್ನು ದಾಟಿ ಊರಯ್ಯನವರ ಕುರ್ಚಿಯ ಮುಂದೆ ನಿಂತೆ. ಮೆಲ್ಲಗಿನ ದನಿಯನ್ನು ಅಲ್ಲೇ ಬಿಟ್ಟೆ. ಎದೆ ತುಂಬ ಉಸಿರು ಎಳೆದುಕೊಂಡು, ಆ ಇಪ್ಪತ್ತೆರಡು ವರ್ಷದ ಹಂಡೆಯ ಬಾಯಿ ತೆರೆದು ಕೂಗಿದೆ. “ಅಜ್ಜಾ! ಗಿರಣಿ! ಇರಲೋ? ಬೇಡವೋ?”

ಮುದುಕರು ಬೆಚ್ಚಿದರು. ಆಮೇಲೆ ಅವರ ಮುಖ ನೋಡಬೇಕಿತ್ತು. ಎಷ್ಟೋ ವರ್ಷ ಮುಚ್ಚಿದ್ದ ಕಿಟಕಿ ತೆಗೆದ ಹಾಗಾಯಿತು. “ಯಾರಪ್ಪ ನೀನು?” ಅಂತ ಆ ಒಣಎಲೆಯ ದನಿಯಲ್ಲಿ ಅಂದರು. “ಎಷ್ಟು ಚೆನ್ನಾಗಿ ಮಾತಾಡ್ತೀಯ! ಇರ್ಲಿ ಕಣೋ ಮಗಾ, ಗಿರಣಿ ಇರ್ಲಿ. ಅದು ನಿಂತ ದಿನ ನಾನು ಬದುಕಿದೀನೋ ಇಲ್ವೋ ಅನ್ನೋದೇ ನಂಗೆ ಗೊತ್ತಾಗಲ್ಲ.” ಹೇಳುತ್ತ ಎರಡೂ ಕೈಯನ್ನು ಬೀಸುವ ಕಲ್ಲಿನ ಹಾಗೆ ತಿರುಗಿಸಿ, ಪಾದದಿಂದ ನೆಲ ತಟ್ಟಿ ತೋರಿಸಿದರು. ತಲೆಯನ್ನು ಮೇಲಿಂದ ಕೆಳಕ್ಕೆ ಆಡಿಸಿದರು, ಮತ್ತೆ ಆಡಿಸಿದರು. ಮಾತು ನನಗೊಬ್ಬನಿಗೆ ಕೇಳಿಸಿತು. ಕೈ ತಿರುಗಿದ್ದು, ತಲೆ ಆಡಿದ್ದು ಇಡೀ ಊರಿಗೆ ಕಂಡಿತು. ಇದಕ್ಕೆ ಕಿವಿದಾರರು ಬೇಕಾಗಿರಲಿಲ್ಲ.

ಅಕ್ಕ ಎದ್ದು ಬಂದು ತಿರುಮಲಯ್ಯನವರ ಕೈಯಿಂದ ಬೀಗ ತೆಗೆದುಕೊಂಡಳು. “ನಮ್ಮ ಉಗ್ರಾಣಕ್ಕೆ ಒಂದು ಬೇಕಾಗಿತ್ತು,” ಅಂತ ಬಾಯೊಳಗೇ ಅಂದು, ಮಡಿಲಿಗೆ ಹಾಕಿಕೊಂಡಳು.

ಆಗ ಹೆಡ್‌ಮೇಷ್ಟ್ರು ಎದ್ದು ನಿಂತರು. ನನ್ನನ್ನು ಸ್ಕೂಲಿನಿಂದ ಓಡಿಸಿದವರು. ಕತ್ತು ವಾಲಿಸಿಕೊಂಡು, “ಗ್... ಗಿರಿಯಪ್ಪನವರೇ,” ಅಂದರು, “ಹಾಗಾದರೆ ಊರಯ್ಯನವರು ಇಷ್ಟು ವರ್ಷ ನಮಗೆ ಹೇಳುತ್ತಿದ್ದದ್ದು ಏನು?”

ಊರಯ್ಯನವರ ಮಾತಿನ ಮೇಲೆ ಕಟ್ಟಿದ ಗೋಡೆಗಳಿದ್ದವು, ಮುರಿದ ಮದುವೆಗಳಿದ್ದವು, ಊರು ಬಿಟ್ಟು ಹೋದವರಿದ್ದರು, ಬಟ್ಟೆ ಬಡಿಯದೆ ಕೈಸೋತ ಅಗಸರಿದ್ದರು. ಇನ್ನೂರು ಕತ್ತು ನನ್ನ ಕಡೆಗೆ ವಾಲಿದವು. ನನ್ನ ಬಾಯಲ್ಲಿ ಉತ್ತರ ತಯಾರಿತ್ತು. ಅದರ ಪಕ್ಕದಲ್ಲೇ, ಎರಡು ವಾರದಿಂದ ಹಿಟ್ಟಿನ ಮುಂದೆ ಹದ ಮಾಡಿದ ಒಂದು ಬೈಗುಳವೂ ತಯಾರಿತ್ತು. ಹಂಡೆಗಿಂತ, ಸೂಲಗಿತ್ತಿಗಿಂತ, ಹೊಕ್ಕುಳಬಳ್ಳಿಗಿಂತ ನೂರು ಪಾಲು ಚೆನ್ನಾಗಿತ್ತು.

ತಿರುಮಲಯ್ಯನವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಕಣ್ಣು ಮಿಟುಕಿಸದೆ, ಬಾಯಿ ಅರ್ಧ ತೆರೆದು, ನಾನು ಏನನ್ನು ಹೇಳಿದರೂ ಒಂದು ಗಳಿಗೆ ತಡವಾಗಿ ಅದಕ್ಕೆ ತಕ್ಕ ಮುಖ ಮಾಡಲು ತಯಾರಾಗಿ. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಏಳನೇ ಬೆಂಚಿನಿಂದ ಐದು ವರ್ಷ ನಾನು ಅದೇ ನೋಟ ನೋಡಿದ್ದೆ.

ಥೂ, ಅನ್ನಿಸಿತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಎರಡನ್ನೂ ನುಂಗಿಕೊಂಡು ಕಟ್ಟೆ ಇಳಿದೆ. ಜನ ದಾರಿ ಬಿಟ್ಟರು. ಬಾಗಿಲ ಹತ್ತಿರ ನನ್ನ ಚಪ್ಪಲಿ ಹುಡುಕಿ ಹಾಕಿಕೊಳ್ಳುವಾಗ ಹಿಂದಿನಿಂದ ಪಿಸುಮಾತುಗಳೆಲ್ಲ ಒಂದೂ ತಪ್ಪದೆ ಕೇಳಿಸಿದವು.

“ಏನಂದ್ರು?”

“ಕೇಳಿಸ್ಲಿಲ್ಲ.”

“ಏನೂ ಕೇಳಿಸ್ಲಿಲ್ವಾ?”

“ಒಂದಕ್ಷರ ಇಲ್ಲ. ಎಷ್ಟು ಮೆಲ್ಲಗೆ ಹೇಳಿದ್ರು ನೋಡು!”

“ಊರಯ್ಯನವರಿಗಿಂತ ಮೆಲ್ಲಗೆ.”

“ಊರಯ್ಯನವರಿಗಿಂತ!”

ಬಟ್ಟೆಗಳು ಸರಸರ ಅಂದ ಸದ್ದು ಬಂತು. ಇನ್ನೂರು ಜನ ನನ್ನ ಬೆನ್ನಿಗೆ ಕೈ ಮುಗಿಯುತ್ತಿದ್ದರು ಅಂತ ತಿರುಗಿ ನೋಡದೆಯೇ ಗೊತ್ತಾಯಿತು. ಅವರೆಲ್ಲರ ನಡುವಿನಿಂದ ಕಿವಿದಾರರ ದನಿ, ಹರಿದ ಗಂಟಲಿನ ದನಿ, ಬೀದಿಯ ತುದಿಗೆ ಕೇಳಿಸುವ ಹಾಗೆ ಕೂಗಿತು: “ಏನಂದಾ? ಯಾರಾದ್ರೂ ಹೇಳ್ರೋ, ಏನಂದಾ ಅವನು?”

ನಾನು ಗಿರಣಿಯ ಕಡೆ ನಡೆದೆ.